ದೊಡ್ಡ ದೂರದರ್ಶಕಕ್ಕೆ ಜೊತೆ ಸಾಮಗ್ರಿ: ನಾನು ಆರಿಸಿಕೊಂಡ ಬಗೆ

ಹನ್ನೆರಡು ಅಂಗುಲ ಕನ್ನಡಿಯ ಡಾಬ್ಸೋನಿಯನ್ ದೂರದರ್ಶಕವನ್ನು (ಸರಳ ಪೀಠದ ಮೇಲೆ ಕೈಯಿಂದಲೇ ತಿರುಗಿಸುವ ಬಗೆಯದು) ಮನೆಗೆ ತಂದ ಮೇಲೆ ಒಂದು ತಿಂಗಳು ನಾನು ಬೇರೇನನ್ನೂ ಕೊಳ್ಳಲಿಲ್ಲ. ಜೊತೆಗೆ ಬಂದಿದ್ದ 25 ಮತ್ತು 10 ಮಿ.ಮೀ. ಸಂಗಮದೂರದ, ಪ್ಲಾಸಲ್ ಎಂಬ ಬಗೆಯ ಎರಡು ಕಣ್ಣಿಡುವ ಮಸೂರಗಳಲ್ಲೇ, ಅಂದರೆ ಐಪೀಸ್‌ಗಳಲ್ಲೇ ನೋಡುತ್ತಾ, ಪ್ರತಿ ರಾತ್ರಿ ನೋಟಕ್ಕೆ ಅಡ್ಡಿಯಾದದ್ದು ಯಾವುದೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ತಿಂಗಳ ಕೊನೆಗೆ ಪುಟ ತಿರುವಿದಾಗ ಐಪೀಸ್‌ಗಳ ಮೇಲಿನ ದೂರು ನಾನೆಣಿಸಿದ್ದಕ್ಕಿಂತ ಕಡಿಮೆಯಿತ್ತು. ಕನ್ನಡಿ ಹೊಂದಾಣಿಕೆಯಲ್ಲಿ ಇಲ್ಲದ್ದು, ಕನ್ನಡಿಯ ಬಿಸಿ ಆರದಿದ್ದದ್ದು, ನಿಂತು ನಿಂತು ಬೆನ್ನು ಸೋತದ್ದು, ಇವೇ ಮತ್ತೆ ಮತ್ತೆ ಕಾಣಿಸುತ್ತಿದ್ದವು. ಏನನ್ನು ಮೊದಲು ಕೊಳ್ಳಬೇಕೆಂಬುದನ್ನು ಆ ಪುಟಗಳೇ ನಿರ್ಧರಿಸಿದವು.

ಮೊದಲನೆಯದು ಕಾಲಿಮೇಶನ್, ಅಂದರೆ ಎರಡೂ ಕನ್ನಡಿಗಳನ್ನು ಒಂದೇ ಅಕ್ಷಕ್ಕೆ ತರುವ ಕೆಲಸ. ನನ್ನ ಎಫ್/5 ಕನ್ನಡಿ, ಅಂದರೆ ಸಂಗಮದೂರ ವ್ಯಾಸದ ಸುಮಾರು ಐದು ಪಟ್ಟು ಇರುವ ಕನ್ನಡಿ, ಇದರಲ್ಲಿ ಸ್ವಲ್ಪವೂ ಸಡಿಲ ಸಹಿಸುವುದಿಲ್ಲ. ನಾನು ಕೊಂಡ ಲೇಸರ್ ಸಾಧನದ ಕೆಂಪು ಚುಕ್ಕಿ ಮುಖ್ಯ ಕನ್ನಡಿಯ ನಡುವಿನ ಗುರುತಿಗೆ ಸರಿಯಾಗಿ ಬಿದ್ದರೂ, ಶನಿಯ ಉಂಗುರದಲ್ಲಿನ ಕಪ್ಪು ಸೀಳು, ಅಂದರೆ ಕ್ಯಾಸಿನಿ ಅಂತರ, ಮಸುಕಾಗಿಯೇ ಉಳಿಯಿತು. ಅನುಮಾನ ಬಂದು, ಹಲಗೆಯೊಂದಕ್ಕೆ ನಾಲ್ಕು ಮೊಳೆಗಳನ್ನು ಎರಡೆರಡಾಗಿ ಓರೆಯಾಗಿ ಹೊಡೆದು, ಆ ಕವಲುಗಳ ಮೇಲೆ ಲೇಸರನ್ನು ಮಲಗಿಸಿ, ಎದುರಿನ ಗೋಡೆಗೆ ಬೆಳಕು ಬಿಟ್ಟು ನಿಧಾನವಾಗಿ ಹೊರಳಿಸಿದೆ. ಚುಕ್ಕಿ ಒಂದೇ ಕಡೆ ನಿಲ್ಲುವ ಬದಲು ಗೋಡೆಯ ಮೇಲೆ ಬಳೆಯಷ್ಟು ದೊಡ್ಡ ವೃತ್ತ ಬರೆಯಿತು. ತಪ್ಪಿದ್ದದ್ದು ಸಾಧನದ ಒಳಗೇ. ಬಳಿಕ ಬ್ಯಾಟರಿಯೂ ಬೇಡದ, ಸಣ್ಣ ರಂಧ್ರದ ಮೂಲಕ ಕನ್ನಡಿಗಳ ಹೊಂದಾಣಿಕೆ ನೋಡುವ, ಸರಳವಾದ ಚೆಷೈರ್ ಐಪೀಸ್ ಒಂದನ್ನು ತಂದೆ. ಅದರಲ್ಲಿ ಹೊಂದಿಸಿದ ಮೇಲೆ ಪ್ರಕಾಶಮಾನವಾದ ನಕ್ಷತ್ರವೊಂದನ್ನು ಹೆಚ್ಚಿನ ವರ್ಧನೆಯಲ್ಲಿ ತುಸು ಫೋಕಸ್ ತಪ್ಪಿಸಿ ನೋಡುತ್ತೇನೆ. ಬೆಳಕಿನ ಉಂಗುರಗಳು ಒಂದೇ ಕೇಂದ್ರದ ಸುತ್ತ ಕುಳಿತಿದ್ದರೆ ಮಾತ್ರ ಹೊಂದಾಣಿಕೆ ಸರಿಯೆಂದು ಒಪ್ಪುತ್ತೇನೆ.

ಎರಡನೆಯದು ಫ್ಯಾನ್. ಇಷ್ಟು ದಪ್ಪದ ಗಾಜು ಮನೆಯೊಳಗಿನ ಬಿಸಿಯನ್ನು ಬೇಗ ಬಿಡುವುದಿಲ್ಲ. ಸುತ್ತಲಿನ ಗಾಳಿಗಿಂತ ಕನ್ನಡಿ ಬೆಚ್ಚಗಿರುವವರೆಗೂ ಅದರ ಮೇಲೇಳುವ ಗಾಳಿಯ ಅಲೆಗಳಲ್ಲಿ ಗ್ರಹದ ಬಿಂಬ ಕದಡುತ್ತಲೇ ಇರುತ್ತದೆ. ಕನ್ನಡಿಯ ಹಿಂದೆ ಹನ್ನೆರಡು ವೋಲ್ಟ್‌ನ ಫ್ಯಾನ್ ಕಟ್ಟಿ, ನೋಡಲು ಕೂರುವುದಕ್ಕೆ ಒಂದು ಗಂಟೆ ಮುಂಚೆಯೇ ಓಡಿಸುವುದನ್ನು ರೂಢಿ ಮಾಡಿಕೊಂಡೆ.

ಇದಾದ ಮೇಲೆಯೇ ಐಪೀಸ್‌ಗಳ ವಿಚಾರಕ್ಕೆ ಬಂದೆ. ನನ್ನ ದೂರದರ್ಶಕದ ಸಂಗಮದೂರ 1500 ಮಿ.ಮೀ. ಇದನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. ಐಪೀಸಿನ ಸಂಗಮದೂರವನ್ನು ಎಫ್ ಸಂಖ್ಯೆಯಿಂದ, ಅಂದರೆ 5ರಿಂದ, ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ವ್ಯಾಸ ಸಿಗುತ್ತದೆ. ಈ ಎರಡನೆಯ ಲೆಕ್ಕವೇ ನನಗೆ ಹೆಚ್ಚು ಮುಖ್ಯವೆನಿಸಿತು. 40 ಮಿ.ಮೀ.ನ ಐಪೀಸ್ ಕೊಂಡರೆ 8 ಮಿ.ಮೀ.ನ ಕಂಬ ಬರುತ್ತದೆ. ಕತ್ತಲಲ್ಲಿಯೂ ಅಷ್ಟು ಅಗಲಕ್ಕೆ ತೆರೆಯದ ಕಣ್ಣಿನ ಪಾಪೆಯ ಹೊರಗೆ ಆ ಬೆಳಕು ಚೆಲ್ಲಿಹೋಗುತ್ತದೆ. ಹಾಗಾಗಿ 30, 13 ಮತ್ತು 7 ಮಿ.ಮೀ.ನ ಮೂರನ್ನು ಆರಿಸಿಕೊಂಡೆ. ನಡುವಿನದು 115 ಪಟ್ಟು ವರ್ಧನೆ ಕೊಡುತ್ತದೆ. ಗ್ಯಾಲಕ್ಸಿಗಳಿಗೂ ಗೋಳಾಕಾರದ ತಾರಾಗುಚ್ಛಗಳಿಗೂ ನಾನು ಅತಿ ಹೆಚ್ಚು ಬಳಸುವುದು ಅದನ್ನೇ.

7 ಮಿ.ಮೀ.ನಲ್ಲಿ 82 ಡಿಗ್ರಿಯ ಅಗಲ ನೋಟಕ್ಕೆ ಹೆಚ್ಚು ಹಣ ಕೊಟ್ಟಿದ್ದಕ್ಕೆ ಗಟ್ಟಿ ಕಾರಣವಿದೆ. ನನ್ನ ಡಾಬ್ಸೋನಿಯನ್‌ಗೆ ಮೋಟಾರು ಇಲ್ಲ. ಭೂಮಿಯ ತಿರುಗುವಿಕೆಯಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. 214 ಪಟ್ಟು ವರ್ಧನೆಯಲ್ಲಿ 50 ಡಿಗ್ರಿಯ ಐಪೀಸಿನಲ್ಲಿ ಗ್ರಹವೊಂದು ಒಂದು ನಿಮಿಷದೊಳಗೆ ಅಂಚು ದಾಟಿ ಹೋದರೆ, 82 ಡಿಗ್ರಿಯದರಲ್ಲಿ ಸುಮಾರು ಒಂದೂವರೆ ನಿಮಿಷ ಉಳಿಯುತ್ತದೆ. ಗಾಳಿ ಒಂದು ಕ್ಷಣ ತಿಳಿಯಾಗುವುದನ್ನು ಕಾಯುವವರಿಗೆ ಆ ಅರ್ಧ ನಿಮಿಷ ಬಹಳ ದೊಡ್ಡದು.

ಎರಡು ಅಂಗುಲ ವ್ಯಾಸದ ಬುಡವಿರುವ 30 ಮಿ.ಮೀ.ನ ಐಪೀಸ್ ಸುಮಾರು ಒಂದು ಕಿಲೋ ತೂಗುತ್ತದೆ. ಅದನ್ನು ಹಾಕಿದೊಡನೆ ಕೊಳವೆಯ ಮೂತಿ ನೆಲದ ಕಡೆಗೆ ಬಾಗಿತು. ಉಕ್ಕಿನ ಕೊಳವೆಯ ಬುಡಕ್ಕೆ ಆಯಸ್ಕಾಂತಗಳನ್ನು ಅಂಟಿಸಿ ತೂಕ ಸರಿದೂಗಿಸಿದೆ. ಅದೇ ಐಪೀಸಿನ ಅಂಚಿನಲ್ಲಿ ನಕ್ಷತ್ರಗಳು ಹೊರಗೆ ಬಾಲ ಚಾಚಿದ ಧೂಮಕೇತುಗಳಂತೆ ಕಾಣುತ್ತವೆ. ಇದು ಕೋಮಾ, ಪ್ಯಾರಾಬೋಲ ಕನ್ನಡಿಯ ಗುಣ. ಐಪೀಸ್ ಬದಲಿಸಿದರೆ ಹೋಗುವುದಿಲ್ಲ. ಇದನ್ನು ಸರಿಪಡಿಸುವ ಮಸೂರವಾದ ಕೋಮಾ ಕರೆಕ್ಟರ್ ಅನ್ನು ಪರಿಚಿತರಿಂದ ಒಂದು ರಾತ್ರಿಗೆ ಎರವಲು ಪಡೆದು ನೋಡಿದೆ. ವ್ಯತ್ಯಾಸ ನಿಜವಾಗಿಯೂ ಕಂಡಿತು. ಆದರೂ ನನ್ನ ಗಮನ ಇರುವುದು ಬಹುಪಾಲು ನಡುವಿನಲ್ಲೇ ಆದ್ದರಿಂದ ಅದನ್ನು ಸದ್ಯಕ್ಕೆ ಮುಂದೂಡಿದ್ದೇನೆ.

ಫಿಲ್ಟರುಗಳಲ್ಲಿ ನಾನು ಕೊಂಡದ್ದು ಓ-ತ್ರೀ ಒಂದನ್ನೇ. ಅಯಾನೀಕೃತ ಆಮ್ಲಜನಕ ಸೂಸುವ 495.9 ಮತ್ತು 500.7 ನ್ಯಾನೋಮೀಟರ್‌ನ ಬೆಳಕನ್ನು ಬಿಟ್ಟು ಉಳಿದದ್ದನ್ನು ಬಹುಮಟ್ಟಿಗೆ ತಡೆಯುವ ಇದು ಗ್ಯಾಲಕ್ಸಿಗಳಿಗೆ ಉಪಯೋಗವಿಲ್ಲ. ಆದರೆ ರಾಜಹಂಸ ನಕ್ಷತ್ರಪುಂಜದ ವೇಲ್ ನೀಹಾರಿಕೆಯನ್ನು 30 ಮಿ.ಮೀ.ನಲ್ಲಿ ಮೊದಲು ಫಿಲ್ಟರಿಲ್ಲದೆ, ಅನಂತರ ಈ ಫಿಲ್ಟರ್ ಹಾಕಿ ನೋಡಿದ ರಾತ್ರಿ, ಏನೂ ಇಲ್ಲವೆಂದುಕೊಂಡಿದ್ದ ಜಾಗದಲ್ಲಿ ಹೊಸೆದ ನೂಲಿನಂಥ ಎಳೆಗಳು ಒಂದೊಂದಾಗಿ ಕಾಣತೊಡಗಿದವು. ನಾನು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

ಅಷ್ಟು ಹೊತ್ತು ನೋಡಲು ಸಾಧ್ಯವಾದದ್ದು ಎತ್ತರ ಬದಲಿಸಬಹುದಾದ ಕುರ್ಚಿಯಿಂದ. ಅದನ್ನು ಕೊನೆಯಲ್ಲಿ ಕೊಂಡದ್ದು ನನ್ನ ತಪ್ಪು ಲೆಕ್ಕ. ಫ್ಯಾನಿನ ಜೊತೆಗೇ ತರಬೇಕಿತ್ತು. ಗುರಿ ಹಿಡಿಯಲು ಅರ್ಧ, ಎರಡು ಮತ್ತು ನಾಲ್ಕು ಡಿಗ್ರಿಯ ಕೆಂಪು ವೃತ್ತಗಳನ್ನು ಆಕಾಶದ ಮೇಲೆ ತೋರಿಸುವ ಟೆಲ್‌ರಾಡ್ ಇಟ್ಟುಕೊಂಡಿದ್ದೇನೆ. ಇಬ್ಬನಿ ಸುರಿಯುವ ರಾತ್ರಿಗಳಲ್ಲಿ ಮೊದಲು ಮಂಜಾಗುವುದು ಅದರ ಗಾಜೇ; ಅದಕ್ಕೊಂದು ಸಣ್ಣ ಹೀಟರ್ ಪಟ್ಟಿಯನ್ನು ಫ್ಯಾನಿನ ಬ್ಯಾಟರಿಗೇ ಜೋಡಿಸುವ ಕೆಲಸ ಈಗ ನಡೆದಿದೆ.