ಕೇಪಿನ ಬಂದೂಕಿಗೆ ಬರೀ ಎಣ್ಣೆ ಸಾಲಲ್ಲ, ಬಿಸಿನೀರು ಬೇಕು

ಗಂಗಾವತಿ ಸುತ್ತಮುತ್ತ ಬೆಳೆ ಕಾಯೋಕೆ ಲೈಸೆನ್ಸ್ ಬಂದೂಕು ಇಟ್ಟುಕೊಂಡಿರೋ ಅಣ್ಣಂದಿರೇ, ಒಂದು ಮಾತು. ಕೇಪಿನ ಬಂದೂಕಿಗೆ ತುಂಬೋ ಕರಿಮದ್ದು ಅಂದ್ರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಸುಟ್ಟ ಮೇಲೆ ನಳಿಗೆಯಲ್ಲಿ ಉಳಿಯೋ ಮಸಿ ಉಪ್ಪಿನಂಥದ್ದು, ಗಾಳಿಯ ತೇವ ಎಳ್ಕೊಂಡು ಕಬ್ಬಿಣ ತಿನ್ನುತ್ತೆ. ಅದು ನೀರಿಗೆ ಕರಗುತ್ತೆ, ಎಣ್ಣೆಗಲ್ಲ. ಇದು ಗೊತ್ತಿಲ್ಲದೆ ಒಂದು ಮಳೆಗಾಲ ಅಪ್ಪಾಜಿಯ ಬಂದೂಕಿಗೆ ಎಣ್ಣೆ ಬಳಿದು ಇಟ್ಟುಬಿಟ್ಟೆ. ಬಟ್ಟೆ ತೂರಿಸಿ ತೆಗೆದರೆ ಕೆಂಪು ತುಕ್ಕು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಮೊದಲು ಕೇಪು, ಅಂದ್ರೆ ಬಡಿದಾಗ ಮದ್ದಿಗೆ ಕಿಡಿ ಕೊಡೋ ಪುಟ್ಟ ಲೋಹದ ಟೋಪಿ, ತೆಗೀರಿ. ಮದ್ದು ಗಿಡಿಯೋ ಸರಳನ್ನು ನಳಿಗೆಯೊಳಗೆ ಬಿಟ್ಟು, ಬಾಯಿ ಹತ್ತಿರ ಬೆರಳಿಟ್ಟು ಗುರುತು ಮಾಡಿ, ನಳಿಗೆಯ ಹೊರಮೈ ಮೇಲೆ ಅದೇ ಅಳತೆ ಹಿಡಿದು ನೋಡಿ. ಕೇಪಿನ ಜಾಗ ಮುಟ್ಟದೆ ಎರಡು ಮೂರು ಬೆರಳು ಮೊದಲೇ ನಿಂತರೆ ಒಳಗೆ ಮದ್ದಿದೆ ಅಂತ ತಿಳ್ಕೊಳ್ಳಿ. ಮುಂದೆ ಕೈ ಹಾಕದೆ ಲೈಸೆನ್ಸ್ ಇರೋ ಮಿಸ್ತ್ರಿ ಹತ್ತಿರ ಒಯ್ಯಿರಿ. ಮಕ್ಕಳಿರೋ ಮನೆ, ಈ ಅಳತೆ ಮಾತ್ರ ಬಿಡಬೇಡಿ.

ಖಾಲಿ ಇದ್ರೆ ಕುದಿಯೋ ನೀರನ್ನು ಆಲಿಕೆಯಿಂದ ಹುಯ್ಯಿರಿ, ಬರಿಗೈಲಿ ನಳಿಗೆ ಹಿಡೀಬೇಡಿ. ಮೊದಲು ಕೊಳೆತ ಮೊಟ್ಟೆ ವಾಸನೆಯ ಕಪ್ಪು ನೀರು ಬರುತ್ತೆ, ತಿಳಿ ಆಗೋ ತನಕ ಬಿಡಿ. ಕಾದ ನಳಿಗೆ ಬೇಗ ಒಣಗುತ್ತೆ. ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಎಣ್ಣೆ.