ಅಪ್ಪನಿಗಾಗಿ ಕಲಿತ ಕಾಟೇಜ್ ಚೀಸ್ ಚಾಕೊಲೇಟ್ ಪುಡಿಂಗ್

ಅಪ್ಪನ ಹಲ್ಲು ತೆಗೆಸಿದ ಮೇಲೆ ಹೊಸ ಸೆಟ್ ಕೂರಿಸೋಕೆ ಎರಡು ತಿಂಗಳು ಹಿಡಿಯಿತು. ಅಷ್ಟು ದಿನ ಅವರು ಏನನ್ನೂ ಅಗಿಯುವ ಹಾಗಿರಲಿಲ್ಲ. ತೂಕ ಇಳಿಯುತ್ತಾ ಬಂತು. ಕುರ್ಚಿಯಿಂದ ಏಳುವಾಗ ಎರಡೂ ಕೈ ಊರಿ ಏಳುತ್ತಿದ್ದರು. ಅದನ್ನು ನೋಡಿ ನನಗೆ ತುಂಬಾ ಸಂಕಟವಾಯಿತು. ಪ್ರೋಟೀನ್ ಜಾಸ್ತಿ ಕೊಡಿ ಅಂತ ಡಾಕ್ಟರು ಹೇಳಿದ್ದರು. ಡಬ್ಬದ ಪ್ರೋಟೀನ್ ಪುಡಿಯನ್ನು ಹಾಲಿಗೆ ಬೆರೆಸಿ ಕೊಟ್ಟೆ. ಎರಡು ದಿನ ಕುಡಿದರು. ಮೂರನೆಯ ದಿನ ಲೋಟ ಇಟ್ಟಲ್ಲೇ ಇತ್ತು. ಅಪ್ಪ ಬಾಯಿ ಬಿಟ್ಟು ಬೇಡ ಅನ್ನುವವರಲ್ಲ. ಸುಮ್ನೆ ಮುಟ್ಟುವುದಿಲ್ಲ, ಅಷ್ಟೇ.

ಚಾಕೊಲೇಟ್ ಅಂದರೆ ಮಾತ್ರ ಅವರಿಗೆ ಮೊದಲಿನಿಂದಲೂ ಆಸೆ. ಹಾಗಾಗಿ ಪ್ರೋಟೀನನ್ನು ಚಾಕೊಲೇಟಿನ ಒಳಗೇ ಕೂರಿಸಬೇಕು ಅಂತ ಹೊರಟೆ. ಗಟ್ಟಿ ಮೊಸರಿನಲ್ಲಿ ಒಮ್ಮೆ ಮಾಡಿ ನೋಡಿದೆ. ಹುಳಿ ಮುಂದೆ ಬಂದು ಚಾಕೊಲೇಟ್ ಹಿಂದೆ ಸರಿಯಿತು. ಆಮೇಲೆ ಕಾಟೇಜ್ ಚೀಸ್ ಹಿಡಿದೆ. ನಾನು ಹೇಳುತ್ತಿರುವುದು ಹಿಂಡಿ, ಒತ್ತಿ, ತುಂಡು ಮಾಡುವ ಗಟ್ಟಿ ಚೀಸ್ ಅಲ್ಲ. ಕಪ್ಪಿನಲ್ಲಿ ಬರುವ, ಬಿಳಿ ಕಾಳು ಕಾಳಾಗಿ ಕೆನೆಯಲ್ಲಿ ತೇಲುವ ಮೆತ್ತಗಿನ ಚೀಸ್. 100 ಗ್ರಾಮಿಗೆ ಸುಮಾರು 11ರಿಂದ 12 ಗ್ರಾಂ ಪ್ರೋಟೀನ್ ಇರುತ್ತದೆ. ಹುಳಿ ಕಡಿಮೆ. ನುಂಗಲು ಸುಲಭ.

ಮೊದಲ ಸಲ ಎಲ್ಲವನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿ ತಿರುಗಿಸಿದೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಚೀಸ್, ಕರಗಿಸಿದ ಚಾಕೊಲೇಟ್, ಕೋಕೋ ಪುಡಿ, ಜೇನುತುಪ್ಪ. ನೋಡೋಕೆ ಚೆನ್ನಾಗಿಯೇ ಇತ್ತು. ಅಪ್ಪ ಎರಡು ಚಮಚ ತಿಂದರು.

"ಹೇಗಿದೆ ಅಪ್ಪ?"

"ರುಚಿ ಇದೆ. ಆದರೆ ಮರಳು ಮರಳು."

ಹಲ್ಲಿಲ್ಲದ ಬಾಯಿಗೆ ತರಿ ಎಷ್ಟು ಬೇಗ ಗೊತ್ತಾಗುತ್ತದೆ ಅಂತ ನನಗೆ ಅವತ್ತು ಅರ್ಥವಾಯಿತು. ಮುಂದಿನ ಮೂರು ವಾರ ನಾನು ಮಾಡಿದ್ದು ಆ ಮರಳನ್ನು ಓಡಿಸುವ ಕೆಲಸ ಮಾತ್ರ. ಸಿಹಿ, ಬಣ್ಣ, ಪರಿಮಳ ಎಲ್ಲ ಆಮೇಲೆ ತಾನಾಗಿ ಕೂಡಿ ಬಂದವು.

ಉಳಿದ ಬಟ್ಟಲನ್ನು ನಾನೇ ತಿಂದು ನೋಡಿದೆ. ಸ್ವಲ್ಪ ಬಾಯಲ್ಲಿಟ್ಟು ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ಹಾಗೇ ಹಿಡಿದೆ. ಕೆಲವು ತರಿಗಳು ನಿಧಾನಕ್ಕೆ ಕರಗಿ ಹೋದವು. ಕೆಲವು ಎಷ್ಟು ಹೊತ್ತಾದರೂ ಕರಗಲಿಲ್ಲ. ಅಂದರೆ ಇದ್ದದ್ದು ಎರಡು ಬಗೆಯ ಮರಳು. ಕರಗಿದ್ದು ಚಾಕೊಲೇಟಿನದು, ಕರಗದ್ದು ಚೀಸಿನದು. ನಿಮ್ಮ ಪುಡಿಂಗ್ ತರಿ ತರಿಯಾದರೆ ನೀವೂ ಮೊದಲು ಇದೇ ಪರೀಕ್ಷೆ ಮಾಡಿ. ಎರಡಕ್ಕೂ ಮದ್ದು ಬೇರೆ ಬೇರೆ.

ಚೀಸಿನ ತರಿಯ ಕಥೆ ಹೀಗಿದೆ. ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80 ಕೇಸೀನ್, ಉಳಿದದ್ದು ವೇ, ಅಂದರೆ ಹಾಲು ಒಡೆದಾಗ ನೀರಿನ ಜೊತೆ ಹೋಗುವ ಪ್ರೋಟೀನ್. ಕೆನೆ ತೆಗೆದ ಹಾಲು ಹುಳಿಯಾಗುತ್ತಾ ಹೋಗಿ ಹುಳಿಯನ್ನು ಅಳೆಯುವ ಪಿಎಚ್ 4.6ರ ಹತ್ತಿರ ಬಂದಾಗ ಕೇಸೀನ್ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತದೆ. ಅದನ್ನು ಸಣ್ಣಗೆ ಕತ್ತರಿಸಿ, ಬಿಸಿ ಮಾಡಿ, ನೀರು ಬಸಿದು, ತೊಳೆದು, ಉಪ್ಪು ಹಾಕಿದ ಕೆನೆ ಬೆರೆಸುತ್ತಾರೆ. ನಮ್ಮ ಕಪ್ಪಿನಲ್ಲಿರುವ ಒಂದೊಂದು ಕಾಳೂ ಕೇಸೀನಿನ ಒಂದು ಗಂಟು. ಹುಳಿಯಿಂದ ಕಟ್ಟಿದ ಈ ಗಂಟು ಬಿಸಿಗೆ ಕರಗುವುದಿಲ್ಲ. ಬಿಸಿ ಜಾಸ್ತಿಯಾದರೆ ಇನ್ನೂ ಬಿಗಿಯುತ್ತದೆ. ಅದನ್ನು ಒಡೆಯಲು ಬ್ಲೇಡೇ ಬೇಕು.

ಹಾಗಾಗಿ ಈಗ ನಾನು ಚೀಸನ್ನು ಮೊದಲು ಒಂದನ್ನೇ ಅರೆಯುತ್ತೇನೆ. ಬೇರೆ ಏನೂ ಹಾಕುವುದಿಲ್ಲ. 400 ಗ್ರಾಂ ಚೀಸನ್ನು ಜರಡಿಯಲ್ಲಿ ಅರ್ಧ ಗಂಟೆ ಬಿಡುತ್ತೇನೆ, ನೀರು ತಾನಾಗಿ ಇಳಿಯಲಿ ಅಂತ. ಹಿಂಡಬಾರದು. ಹಿಂಡಿದರೆ ಕೆನೆಯೂ ಹೋಗಿ ಒಣ ಒಣ ಆಗುತ್ತದೆ. ಇಳಿದ ನೀರನ್ನು ಚೆಲ್ಲಬೇಡಿ. ಅರೆಯುವಾಗ ಬ್ಲೇಡ್ ಸಿಕ್ಕಿಕೊಂಡರೆ ಅದೇ ನೀರು ಒಂದೆರಡು ಚಮಚ ಹಾಕಿದರಾಯಿತು.

ದೊಡ್ಡ ಜಾರ್ ಬೇಡ. ಅದರಲ್ಲಿ ಚೀಸ್ ಗೋಡೆಗೆ ಎರಚಿಕೊಂಡು ಬ್ಲೇಡ್ ಸುಮ್ನೆ ಗಾಳಿಯಲ್ಲಿ ತಿರುಗುತ್ತದೆ. ಚಿಕ್ಕ ಜಾರಿನಲ್ಲಿ ಎರಡು ಸಲವಾಗಿ ಅರೆಯುವುದು ಒಳ್ಳೆಯದು. 30 ಸೆಕೆಂಡ್ ತಿರುಗಿಸಿ, ನಿಲ್ಲಿಸಿ, ಅಂಚಿನಲ್ಲಿ ಹತ್ತಿದ್ದನ್ನು ಕೆಳಗೆ ತಳ್ಳಿ, ಮತ್ತೆ 30 ಸೆಕೆಂಡ್. ಹೀಗೆ ಐದಾರು ಸಲ. ಎರಡನೇ ಸಲಕ್ಕೇ ನುಣ್ಣಗಾಯಿತು ಅಂತ ಕಣ್ಣಿಗೆ ಅನಿಸುತ್ತದೆ, ಆದರೆ ಆಗಿರುವುದಿಲ್ಲ. ಒಂದು ಹನಿ ತೆಗೆದು ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿ ನೋಡಿ. ಚಾಕೊಲೇಟ್ ಕಾರ್ಖಾನೆಗಳಲ್ಲಿ ಸಕ್ಕರೆ ಮತ್ತು ಕೋಕೋ ಕಣಗಳನ್ನು ಸುಮಾರು 20 ಮೈಕ್ರಾನಿನಷ್ಟು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣಗೆ ಅರೆಯುತ್ತಾರೆ. ಅದಕ್ಕಿಂತ ದಪ್ಪ ಉಳಿದರೆ ನಾಲಿಗೆ ಹಿಡಿದುಬಿಡುತ್ತದೆ. ಮನೆಯ ಮಿಕ್ಸಿಗೆ ಅಷ್ಟು ಶಕ್ತಿ ಇಲ್ಲ, ಆದರೆ ಚೀಸಿನ ಗಂಟು ಮೆತ್ತಗಿರುತ್ತದೆ, ಒಡೆದರೆ ಸಾಕು. ನಾನು ಕೊನೆಗೆ ಸಣ್ಣ ಕಣ್ಣಿನ ಜರಡಿಯಲ್ಲೂ ಒಮ್ಮೆ ಸೋಸುತ್ತೇನೆ. ಐದು ನಿಮಿಷದ ಕೆಲಸ. ಅದನ್ನು ಬಿಟ್ಟ ದಿನ ಅಪ್ಪನಿಗೆ ಗೊತ್ತಾಗುತ್ತದೆ.

ಕೊಬ್ಬು ಪೂರ್ತಿ ತೆಗೆದ ಚೀಸ್ ತರಬೇಡಿ ಅಂತಲೇ ನನ್ನ ಮಾತು. ಎಷ್ಟು ಅರೆದರೂ ಅದು ಸೀಮೆಸುಣ್ಣದ ಹಾಗೆ ನಾಲಿಗೆಗೆ ಹತ್ತುತ್ತದೆ. ಶೇ. 4 ಕೊಬ್ಬಿರುವುದು ಸರಿಯಾಗುತ್ತದೆ.

ಇನ್ನು ಚಾಕೊಲೇಟಿನ ತರಿ. ಇದಕ್ಕೆ ಕಾರಣ ಚಳಿ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಯಲ್ಲಿ. ಬಾಯಿಗೆ ಇಟ್ಟ ತಕ್ಷಣ ಚಾಕೊಲೇಟ್ ಕರಗುವುದು ಅದಕ್ಕೇ, ಅಲ್ವಾ? ಕರಗಿದ ಚಾಕೊಲೇಟನ್ನು 4 ಡಿಗ್ರಿಯ ಚೀಸಿಗೆ ಸುರಿದರೆ, ಬೆರೆಯುವ ಮೊದಲೇ ಬಿದ್ದಲ್ಲೇ ಹರಳುಗಟ್ಟುತ್ತದೆ. ಆಮೇಲೆ ಮಿಕ್ಸಿ ಆ ಹರಳನ್ನು ಪುಡಿ ಮಾಡುತ್ತದೆಯೇ ಹೊರತು ಕರಗಿಸುವುದಿಲ್ಲ.

ಮೊದಲು ಚೀಸನ್ನು ಬಿಸಿ ಮಾಡಿ ನೋಡಿದೆ. ಒಲೆಯ ಮೇಲೆ ಇಟ್ಟದ್ದು ತಪ್ಪಾಯಿತು. ತಳದಲ್ಲಿ ಮತ್ತೆ ಕಾಳು ಕಟ್ಟಿತು. ಈಗ ಅರೆದ ಚೀಸಿನ ಬಟ್ಟಲನ್ನು ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ಇಡುತ್ತೇನೆ. ಬೆರಳಿಟ್ಟರೆ ತಣ್ಣಗೆ ಅನಿಸಬಾರದು, ಬಿಸಿಯೂ ಅನಿಸಬಾರದು. ಅಷ್ಟು ಸಾಕು.

ಅಷ್ಟರಿಂದಲೇ ಅರ್ಧ ತೊಂದರೆ ಹೋಯಿತು. ಉಳಿದರ್ಧ ಹೋದದ್ದು ಒಂದು ಆಕಸ್ಮಿಕದಿಂದ. ಒಂದು ಸಂಜೆ ಚಾಕೊಲೇಟ್ ಕರಗಿಸುವಾಗ ಒದ್ದೆ ಚಮಚ ಹಾಕಿಬಿಟ್ಟೆ. ನಾಲ್ಕು ಹನಿ ನೀರು ಇರಬಹುದು. ಹೊಳೆಯುತ್ತಿದ್ದ ಚಾಕೊಲೇಟ್ ಕ್ಷಣದಲ್ಲಿ ಮುದ್ದೆ ಕಟ್ಟಿತು. ಸ್ವಲ್ಪ ನೀರು ಬಿದ್ದರೆ ಚಾಕೊಲೇಟಿನ ಒಳಗಿನ ಸಕ್ಕರೆ, ಕೋಕೋ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಸೆಯಲು ಮನಸ್ಸಾಗಲಿಲ್ಲ. ಕೋಕೋಗೆ ಅಂತ ಕುದಿಸಿಟ್ಟ ನೀರು ಪಕ್ಕದಲ್ಲೇ ಇತ್ತು, ಮೂರು ಚಮಚ ಒಟ್ಟಿಗೇ ಸುರಿದು ಕಲಕಿದೆ. ಮುದ್ದೆ ಬಿಟ್ಟುಕೊಂಡು ನುಣುಪಾದ ಸಾಸ್ ಆಯಿತು. ನೀರು ಕಮ್ಮಿ ಇದ್ದಾಗ ಅಂಟಿಸಿದ್ದೇ ಜಾಸ್ತಿಯಾದಾಗ ಬಿಡಿಸುತ್ತದೆ. ಆ ಸಾಸನ್ನು ಚೀಸಿಗೆ ಬೆರೆಸಿದಾಗ ಒಂದೇ ಒಂದು ಹರಳೂ ಕಾಣಲಿಲ್ಲ. ಬರೀ ಕರಗಿದ ಚಾಕೊಲೇಟ್ ಎಣ್ಣೆಯ ಹಾಗೆ, ಚೀಸಿನ ನೀರಿಗೆ ಸುಲಭಕ್ಕೆ ಸೇರುವುದಿಲ್ಲ. ಮೊದಲೇ ನೀರಿನ ಜೊತೆ ಒಂದಾದ ಚಾಕೊಲೇಟ್ ಸೇರುತ್ತದೆ.

ಅವತ್ತಿನಿಂದ ಬೇಕಂತಲೇ ಹಾಗೆ ಮಾಡುತ್ತೇನೆ. 15 ಗ್ರಾಂ ಕೋಕೋ ಪುಡಿಗೆ 45 ಮಿಲಿ, ಅಂದರೆ ಮೂರು ದೊಡ್ಡ ಚಮಚ, ಕುದಿಯುವ ನೀರು ಹಾಕಿ ಗಂಟಿಲ್ಲದ ಹಾಗೆ ಕಲಸಿ ಮುಚ್ಚಿಡುತ್ತೇನೆ. ಬಿಸಿನೀರಿನಲ್ಲಿ ಕೋಕೋದ ಪರಿಮಳ ಬಿಚ್ಚಿಕೊಳ್ಳುತ್ತದೆ. ತಣ್ಣಗೆ ಕಲಸಿದರೆ ಹಿಟ್ಟಿನ ವಾಸನೆ ಉಳಿಯುತ್ತದೆ. ಅತ್ತ 80 ಗ್ರಾಂ ಚಾಕೊಲೇಟನ್ನು, ಶೇ. 70 ಕೋಕೋ ಇರುವುದನ್ನು, ಬಿಸಿನೀರಿನ ಪಾತ್ರೆಯ ಮೇಲೆ ಒಣ ಬಟ್ಟಲಿಟ್ಟು ಕರಗಿಸುತ್ತೇನೆ. ಬಿಸಿಯಾಗಿರುವ ಕೋಕೋವನ್ನು ಒಂದೇ ಸಲಕ್ಕೆ ಅದಕ್ಕೆ ಸುರಿದು ನಡುವಿನಿಂದ ಹೊರಕ್ಕೆ ಕಲಕುತ್ತೇನೆ. ಹನಿ ಹನಿಯಾಗಿ ಹಾಕಿದರೆ ಮತ್ತೆ ಮುದ್ದೆ. ಮೊದಲು ಒಡೆದ ಹಾಗೆ ಕಂಡರೂ ಗಾಬರಿ ಬೇಡ, ಅರ್ಧ ನಿಮಿಷದಲ್ಲಿ ಹೊಳಪು ಬರುತ್ತದೆ. ಹೊಳಪು ಬಂದ ಮೇಲೆ ಎರಡು ಚಮಚ ಜೇನುತುಪ್ಪ, ಸ್ವಲ್ಪ ವೆನಿಲ್ಲಾ, ಕಾಲು ಚಮಚ ಇನ್‌ಸ್ಟಂಟ್ ಕಾಫಿ ಪುಡಿ. ಕಾಫಿಯ ರುಚಿ ಬೇರೆಯಾಗಿ ಗೊತ್ತಾಗುವುದಿಲ್ಲ, ಚಾಕೊಲೇಟ್ ಇನ್ನೂ ಗಾಢ ಅನಿಸುತ್ತದೆ. ಉಪ್ಪು ಹಾಕಬೇಡಿ, ಚೀಸಿನಲ್ಲೇ ಬೇಕಾದಷ್ಟಿದೆ.

ಕೋಕೋ ಕೊಳ್ಳುವಾಗ ಒಂದು ಮಾತು. ಸಾದಾ ಕೋಕೋ ತುಸು ಹುಳಿ, ಚೀಸ್ ಕೂಡ ತುಸು ಹುಳಿ. ಎರಡೂ ಸೇರಿದರೆ ಕೊನೆಯಲ್ಲಿ ನಾಲಿಗೆ ಚುರುಕ್ ಅನ್ನುತ್ತದೆ. ಡಚ್ ಕೋಕೋ ಅಂತ ಸಿಗುವುದು ಕ್ಷಾರದಲ್ಲಿ ಹದ ಮಾಡಿದ್ದು, ಹುಳಿ ಹೋಗಿರುತ್ತದೆ, ಬಣ್ಣವೂ ಕಡು. ಕೋಕೋದಿಂದ ಬೆಣ್ಣೆ ಹಿಂಡುವ ಯಂತ್ರಕ್ಕೆ 1828ರಲ್ಲಿ ಪೇಟೆಂಟ್ ಪಡೆದ ನೆದರ್ಲೆಂಡ್ಸಿನ ವಾನ್ ಹೌಟನ್ ಮನೆತನದಿಂದ ಬಂದ ಹದ ಅದು, ಹೆಸರೂ ಅಲ್ಲಿಂದಲೇ. ಈ ಪುಡಿಂಗಿಗೆ ಅದೇ ಒಪ್ಪುತ್ತದೆ.

ಸಾಸ್ ಬೆಚ್ಚಗಿರುವಾಗಲೇ ಚೀಸಿಗೆ ಹಾಕಿ ಮಿಕ್ಸಿಯಲ್ಲಿ 20 ಸೆಕೆಂಡ್ ತಿರುಗಿಸಿ, ರುಚಿ ನೋಡಿ. ತಣ್ಣಗಾದ ಮೇಲೆ ಸಿಹಿ ಕಮ್ಮಿ ಅನಿಸುತ್ತದೆ. ಅದಕ್ಕೇ ಈಗ ಒಂದು ಗುಲಗಂಜಿಯಷ್ಟು ಜಾಸ್ತಿಯೇ ಇರಲಿ. ನಾಲ್ಕು ಬಟ್ಟಲಿಗೆ ಸುರಿದು ಫ್ರಿಜ್ಜಿನಲ್ಲಿ ನಾಲ್ಕು ಗಂಟೆ ಇಟ್ಟರೆ ಚಮಚ ನಿಲ್ಲುವಷ್ಟು ಗಟ್ಟಿಯಾಗುತ್ತದೆ. ಜೆಲಟಿನ್ ಏನೂ ಬೇಡ. ಚಾಕೊಲೇಟಿನ ಕೋಕೋ ಬೆಣ್ಣೆ ಗಟ್ಟಿಯಾಗುತ್ತಾ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ.

ಜೇನುತುಪ್ಪದ ಬದಲು ನೆನೆಸಿ ಅರೆದ ಖರ್ಜೂರ ಹಾಕಿ ನೋಡಿದ್ದೆ. ರುಚಿ ಬಹಳ ಚೆನ್ನಾಗಿತ್ತು, ಆದರೆ ಸಿಪ್ಪೆಯ ನಾರು ಉಳಿದು ಮತ್ತೆ ಮರಳು. ಹಲ್ಲು ಗಟ್ಟಿ ಇರುವವರು ಮಾಡಿಕೊಳ್ಳಬಹುದು. ಪ್ರೋಟೀನ್ ಪುಡಿಯನ್ನೂ ಒಮ್ಮೆ ಸೇರಿಸಿದೆ, ಲೆಕ್ಕ ಇನ್ನೂ ಏರಲಿ ಅಂತ. ವೇ ಪುಡಿ ಹಾಕಿದಾಗ ಅಂಟಂಟಾಯಿತು, ಡಬ್ಬದ ಸಿಹಿ ಗಂಟಲಲ್ಲೇ ಕೂತಿತು. ಕೇಸೀನ್ ಪುಡಿ ನೀರನ್ನೆಲ್ಲ ಕುಡಿದು ಜೇಡಿಮಣ್ಣಿನ ಹಾಗಾಯಿತು. ಎರಡನ್ನೂ ಬಿಟ್ಟೆ. ಚೀಸ್ ಒಂದೇ ಸಾಕು ಅನ್ನುವುದು ಲೆಕ್ಕದಲ್ಲೂ ಗೊತ್ತಾಗುತ್ತದೆ.

ಚೀಸಿನಿಂದ ಸುಮಾರು 45 ಗ್ರಾಂ, ಚಾಕೊಲೇಟಿನಿಂದ 6, ಕೋಕೋದಿಂದ 3. ಒಟ್ಟು 54 ಗ್ರಾಂ ಆಸುಪಾಸು. ನಾಲ್ಕು ಪಾಲು ಮಾಡಿದರೆ ಬಟ್ಟಲಿಗೆ 13 ಗ್ರಾಂ ಪ್ರೋಟೀನ್, ಎರಡು ದೊಡ್ಡ ಮೊಟ್ಟೆಯಷ್ಟು. ಬಟ್ಟಲಿಗೆ 260 ಕ್ಯಾಲೊರಿ ಬರಬಹುದು. ಇಲ್ಲಿ ಒಂದು ವಿಷಯ ಗಮನಿಸಿ. 80 ಗ್ರಾಂ ಚಾಕೊಲೇಟಿನ ಕ್ಯಾಲೊರಿ 400 ಗ್ರಾಂ ಚೀಸಿನದಕ್ಕಿಂತ ಜಾಸ್ತಿ. ಅಪ್ಪನಿಗೆ ತೂಕ ಏರಬೇಕಿತ್ತು, ಹಾಗಾಗಿ ನಮಗೆ ಅದು ಒಳ್ಳೆಯದೇ ಆಯಿತು. ತೂಕ ಇಳಿಸುವವರು ಚಾಕೊಲೇಟನ್ನು 40 ಗ್ರಾಮಿಗೆ ಇಳಿಸಿ ಕೋಕೋವನ್ನು 25 ಗ್ರಾಮಿಗೆ ಏರಿಸಬಹುದು. ನೀರೂ ಅಷ್ಟಕ್ಕೆ ತಕ್ಕ ಹಾಗೆ ಜಾಸ್ತಿ ಬೇಕು. ಗಟ್ಟಿ ಕಮ್ಮಿಯಾಗುತ್ತದೆ, ರುಚಿ ಕೆಡುವುದಿಲ್ಲ.

ಉಪ್ಪಿನ ಲೆಕ್ಕವನ್ನೂ ಹೇಳಲೇಬೇಕು. ಕಾಟೇಜ್ ಚೀಸಿನಲ್ಲಿ 100 ಗ್ರಾಮಿಗೆ 300ರಿಂದ 400 ಮಿಲಿಗ್ರಾಂ ಸೋಡಿಯಂ ಇರುವುದು ಸಾಮಾನ್ಯ. ದಿನಕ್ಕೆ 2000 ಮಿಲಿಗ್ರಾಮಿಗಿಂತ ಕಡಿಮೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಪ್ಪನಿಗೆ ಬಿಪಿ ಇದೆ. ಉಪ್ಪು ಕಡಿಮೆ ಇರುವ ಚೀಸ್ ಸಿಗದ ದಿನ ನಾನು ಕಾಳುಗಳನ್ನು ಜರಡಿಯಲ್ಲೇ ತಣ್ಣೀರಿನಿಂದ ತೊಳೆದುಬಿಡುತ್ತೇನೆ. ಉಪ್ಪು ಸಾಕಷ್ಟು ಹೋಗುತ್ತದೆ, ಕೆನೆಯೂ ಹೋಗುತ್ತದೆ. ಅರೆಯುವಾಗ ಎರಡು ಚಮಚ ತಾಜಾ ಕೆನೆ ಹಾಕಿ ಸರಿ ಮಾಡುತ್ತೇನೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ರೋಟೀನೇ ಮಿತಿಯಲ್ಲಿ ಇರಬೇಕಾಗಬಹುದು. ಅಂಥವರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ.

ಓವನ್ನಿನಲ್ಲಿ ಮೊಟ್ಟೆ ಸೇರಿಸಿ ಬೇಯಿಸಿಯೂ ನೋಡಿದ್ದೇನೆ. ಸ್ವಲ್ಪ ಹೊತ್ತು ಹೆಚ್ಚಾದರೂ ನೀರು ಬಿಡುತ್ತದೆ. ನಡುವೆ ಇನ್ನೂ ಅಲುಗಾಡುತ್ತಿರುವಾಗಲೇ ತೆಗೆಯಬೇಕು. ನನಗೆ ತಣ್ಣಗಿನದೇ ಇಷ್ಟ.

ಮುಚ್ಚಿಟ್ಟರೆ ಫ್ರಿಜ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಮೇಲೆ ಸ್ವಲ್ಪ ನೀರು ನಿಂತರೆ ಕಲಕಿದರೆ ಸಾಕು. ಫ್ರೀಜರಿನಲ್ಲಿ ಇಟ್ಟರೆ, ಸಕ್ಕರೆ ಕಡಿಮೆ ಇರುವುದರಿಂದ, ಕಲ್ಲಿನ ಹಾಗಾಗುತ್ತದೆ. ತಿನ್ನುವ ಕಾಲು ಗಂಟೆ ಮೊದಲು ಹೊರಗೆ ಇಡಬೇಕು.

ಜರಡಿ ಹಿಡಿದು, ಚಾಕೊಲೇಟಿಗೆ ಬಿಸಿ ಕೋಕೋ ಸುರಿದು ಮಾಡಿದ ಮೊದಲ ಬಟ್ಟಲನ್ನು ಅಪ್ಪನಿಗೆ ಕೊಟ್ಟಾಗ ಅವರು ಏನೂ ಹೇಳಲಿಲ್ಲ. ಬಟ್ಟಲಿನ ಅಂಚನ್ನು ಚಮಚದಿಂದ ಸುತ್ತಲೂ ಕೆರೆದು ತಿಂದರು. ಈಗ ಹೊಸ ಸೆಟ್ ಕೂತಿದೆ, ಏನು ಬೇಕಾದರೂ ಅಗಿಯುತ್ತಾರೆ. ಆದರೂ ಬುಧವಾರ ಸಂಜೆ ನಾನು ಅಡುಗೆಮನೆಗೆ ಹೋಗುವಷ್ಟರಲ್ಲಿ ಆ ಸಣ್ಣ ಕಣ್ಣಿನ ಜರಡಿಯನ್ನು ತೊಳೆದು, ಒರೆಸಿ, ಮಿಕ್ಸಿಯ ಪಕ್ಕ ಇಟ್ಟಿರುತ್ತಾರೆ.