ಕಾಲೇಜಿನಿಂದ ಮಕ್ಕಳು ಮನೆಗೆ ಬರುವ ಆ ಒಂದು ವಾರ

ಶರತ್ಕಾಲದ ರಜೆಯ ಒಂದು ವಾರಕ್ಕೆ 168 ಗಂಟೆ. ಕೇಳುವುದಕ್ಕೆ ಬಹಳ ಅನ್ನಿಸುತ್ತದೆ. ಕಳೆಯುತ್ತ ಹೋಗಿ ನೋಡಿ. ರಾತ್ರಿಗೆ ಒಂಬತ್ತು ಗಂಟೆಯಂತೆ ನಿದ್ದೆಗೆ 63. ಬರುವ ಹೋಗುವ ಪ್ರಯಾಣಕ್ಕೆ, ಸಾಮಾನು ಕಟ್ಟಿ ಬಿಚ್ಚುವುದಕ್ಕೆ 20. ಊರಿನ ಹಳೆಯ ಗೆಳೆಯರಿಗೆ 15, ಬಾಕಿ ಉಳಿದ ಅಸೈನ್‌ಮೆಂಟುಗಳಿಗೆ 12. ಸ್ನಾನ, ಫೋನು, ಬಾಗಿಲು ಹಾಕಿಕೊಂಡು ಸುಮ್ಮನೆ ಬಿದ್ದುಕೊಳ್ಳುವುದು, ಇವಕ್ಕೆಲ್ಲ ಸೇರಿ 24. ಉಳಿಯುವುದು 34 ಗಂಟೆ. ಆ ಹೊತ್ತಿನಲ್ಲಿ ಹೆತ್ತವರು ಕೆಲಸಕ್ಕೆ ಹೋಗಿದ್ದರೆ ಅದರಲ್ಲೂ ಅರ್ಧ ಹೋಯಿತು.

ಈ ಲೆಕ್ಕವನ್ನು ನಾನು ಮೊದಲೇ ಮಾಡಿಕೊಳ್ಳುತ್ತೇನೆ. ಆಗ ಒಂದು ಸಂಗತಿ ನಿಚ್ಚಳವಾಗುತ್ತದೆ: ತೆರವು ಮಾಡಿಕೊಳ್ಳಬೇಕಾದದ್ದು ಮಕ್ಕಳ ಹೊತ್ತನ್ನಲ್ಲ, ನನ್ನ ಹೊತ್ತನ್ನು. ಅವರು ಬಂದ ಮೇಲೆ ಏನೇನು ಮಾಡಿಸಬೇಕು ಎಂಬ ಪಟ್ಟಿಗಿಂತ, ಅವರು ಬರುವ ಮುನ್ನ ನಾನು ಏನೇನು ಮುಗಿಸಿರಬೇಕು ಎಂಬ ಪಟ್ಟಿಯೇ ಉದ್ದವಾಗಿರಬೇಕು. ಬಿಲ್ಲು ಕಟ್ಟುವುದು, ವಾರದ ದಿನಸಿ, ಕಚೇರಿಯ ತುರ್ತು ಕೆಲಸ, ರಿಪೇರಿಯವರನ್ನು ಕರೆಸುವುದು, ಎಲ್ಲವೂ ಹಿಂದಿನ ವಾರಕ್ಕೆ.

ಕೆಲಸಕ್ಕೆ ಎರಡೇ ದಿನ ರಜೆ ಹಾಕಲು ಸಾಧ್ಯವಿದ್ದರೆ ಬರುವ ದಿನಕ್ಕೂ ಹೋಗುವ ದಿನಕ್ಕೂ ಹಾಕಬೇಡಿ. ಬಂದವರು ಮೊದಲೆರಡು ದಿನ ಬಹುಪಾಲು ಮಲಗಿಯೇ ಇರುತ್ತಾರೆ, ಕೊನೆಯ ದಿನ ಅರ್ಧ ಮನಸ್ಸು ಆಗಲೇ ಹಾಸ್ಟೆಲಿನಲ್ಲಿರುತ್ತದೆ. ಮೂರನೆಯ ಮತ್ತು ಐದನೆಯ ದಿನ ಹಾಕಿದರೆ ಎರಡೂ ದಿನ ಪೂರ್ತಿ ಕೈಗೆ ಸಿಗುತ್ತವೆ. ನಡುವಿನ ನಾಲ್ಕನೆಯ ದಿನ ಅವರು ಗೆಳೆಯರ ಕಡೆ ಹೋಗಿಬರಬಹುದು.

ನಿದ್ದೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಮನೆಯಲ್ಲಿ ಮೊದಲ ಮುನಿಸು ಹುಟ್ಟುವುದು ಇಲ್ಲಿಂದಲೇ. ಹದಿಹರೆಯದಲ್ಲಿ ದೇಹದ ಗಡಿಯಾರ ತಡವಾಗುತ್ತ ಹೋಗಿ, ಸುಮಾರು 20ರ ಹೊತ್ತಿಗೆ ಅತಿ ತಡದ ಹಂತ ಮುಟ್ಟಿ, ಆಮೇಲೆ ನಿಧಾನವಾಗಿ ಹಿಂದಕ್ಕೆ ಸರಿಯುತ್ತದೆ. ಅಂದರೆ ರಾತ್ರಿ ಹನ್ನೆರಡಕ್ಕೂ ಕಣ್ಣು ಎಳೆಯದಿರುವುದು, ಬೆಳಗ್ಗೆ ಹನ್ನೊಂದಕ್ಕೂ ಏಳಲಾಗದಿರುವುದು ಸೋಮಾರಿತನವಲ್ಲ. 18ರಿಂದ 25ರ ವಯಸ್ಸಿನವರಿಗೆ ರಾತ್ರಿಗೆ 7ರಿಂದ 9 ಗಂಟೆ ನಿದ್ದೆ ಬೇಕು. ಅವರು ಮನೆಗೆ ಬರುವುದು ಸಾಮಾನ್ಯವಾಗಿ ಪರೀಕ್ಷೆಯ ಬೆನ್ನಿಗೆ, ವಾರಗಟ್ಟಲೆ ಅದಕ್ಕಿಂತ ಕಡಿಮೆ ಮಲಗಿ. ಆದ್ದರಿಂದ ಮೊದಲೆರಡು ಬೆಳಗ್ಗೆ ಎಬ್ಬಿಸುವುದೇ ಇಲ್ಲ. ಮಿಕ್ಸಿ, ವ್ಯಾಕ್ಯೂಮ್ ಕ್ಲೀನರ್, ಕಪಾಟಿನ ಸದ್ದು, ಎಲ್ಲ ಮಧ್ಯಾಹ್ನಕ್ಕೆ. ಕಿಟಕಿಯ ಪರದೆ ತೆಳುವಾಗಿದ್ದರೆ ಒಳಗೊಂದು ದಪ್ಪ ಬಟ್ಟೆ ಸೇರಿಸಿ ಹಾಕಿರುತ್ತೇನೆ. ಆದರೆ ವಾರಪೂರ್ತಿ ಹೀಗೇ ಬಿಟ್ಟರೆ ತರಗತಿ ಶುರುವಾದ ದಿನ ಅವರೇ ಒದ್ದಾಡುತ್ತಾರೆ. ಐದನೆಯ ದಿನದಿಂದ ಪರದೆಯನ್ನು ಹಿಂದಿನ ದಿನಕ್ಕಿಂತ ಒಂದು ಗಂಟೆ ಮೊದಲು ಸರಿಸಿ ಬೆಳಕು ಬಿಡಿ. ಬೆಳಗಿನ ಬೆಳಕೇ ದೇಹದ ಗಡಿಯಾರವನ್ನು ಮುಂಚಿತಕ್ಕೆ ಎಳೆಯುತ್ತದೆ, ಕೂಗಿ ಎಬ್ಬಿಸುವ ಅಗತ್ಯವೇ ಬೀಳುವುದಿಲ್ಲ. ಹೀಗೆ ಮಾಡುತ್ತೀರೆಂದು ಹಿಂದಿನ ರಾತ್ರಿಯೇ ಅವರಿಗೆ ಹೇಳಿಟ್ಟಿರಿ.

ಮಾತು ಬರುವುದೂ ಇದೇ ಗಡಿಯಾರದ ಪ್ರಕಾರ. ಊಟದ ಮೇಜಿನಲ್ಲಿ 'ಹ್ಞೂಂ', 'ಪರವಾಗಿಲ್ಲ' ಎಂದಷ್ಟೇ ಹೇಳಿದವರು ರಾತ್ರಿ ಹತ್ತೂವರೆಯ ಮೇಲೆ ತಾವಾಗಿಯೇ ಬಂದು ಕೂರುತ್ತಾರೆ. ಅಷ್ಟು ಹೊತ್ತಿಗೆ ಹೆತ್ತವರಿಗೆ ಕಣ್ಣು ಎಳೆಯುತ್ತಿರುತ್ತದೆ, ವಾರದ ಅತ್ಯುತ್ತಮ ಹೊತ್ತು ಹಾಗೆಯೇ ಕೈತಪ್ಪುತ್ತದೆ. ಅದಕ್ಕೆ ನಾನು ಕಂಡುಕೊಂಡ ದಾರಿ ಮಧ್ಯಾಹ್ನದ ನಿದ್ದೆ: ಮೂರು ಗಂಟೆಯ ಒಳಗೆ, ಅಲಾರಂ ಇಟ್ಟು, 20 ನಿಮಿಷ. ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆಗೆ ಜಾರಿ, ಎದ್ದ ಮೇಲೆ ತಲೆ ಭಾರವಾಗುತ್ತದೆ. ಮಧ್ಯಾಹ್ನ ಕೆಲಸದಲ್ಲಿದ್ದರೆ ಸಂಜೆ ಕಣ್ಣು ಮುಚ್ಚಿ ಹದಿನೈದು ನಿಮಿಷ ಒರಗಿಕೊಂಡರೂ ಆದೀತು. ರಾತ್ರಿ ಟಿವಿ ಆರಿಸಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಕೈಯಲ್ಲೊಂದು ಸಣ್ಣ ಕೆಲಸ ಹಿಡಿದು ಹಜಾರದಲ್ಲಿ ಕೂರುತ್ತೇನೆ. ಬಟ್ಟೆ ಮಡಿಸುವುದು, ಗುಂಡಿ ಹೊಲಿಯುವುದು, ಏನಾದರೂ ಆಗಬಹುದು. ಎದುರುಬದುರು ಕೂತು ಮುಖ ನೋಡುತ್ತ ಕೇಳಿದರೆ ವಿಚಾರಣೆಯಂತಾಗುತ್ತದೆ. ಕಣ್ಣು ಕೈಕೆಲಸದ ಮೇಲಿದ್ದರೆ ಮಾತಿಗೂ ಜಾಗ, ಮೌನಕ್ಕೂ ಜಾಗ.

ಕೇಳುವ ರೀತಿಯೂ ಮುಖ್ಯ. 'ಓದು ಹೇಗೆ ನಡೀತಿದೆ' ಎಂದರೆ ಒಂದೇ ಪದದ ಉತ್ತರ ಬರುತ್ತದೆ. 'ಮಂಗಳವಾರ ಬೆಳಗ್ಗೆ ಎದ್ದಲ್ಲಿಂದ ರಾತ್ರಿ ಮಲಗೋವರೆಗೆ ನಿನ್ನ ದಿನ ಹೇಗಿರುತ್ತೆ?' ಎಂದು ಕೇಳಿ ನೋಡಿ. ತರಗತಿ, ಊಟ, ಯಾರ ಜೊತೆ ಕೂರುತ್ತಾರೆ, ಎಲ್ಲಿ ಒಬ್ಬರೇ ಆಗುತ್ತಾರೆ, ಎಲ್ಲ ತಾನಾಗಿ ಹೊರಬರುತ್ತದೆ. ಕಷ್ಟವೊಂದನ್ನು ಹೇಳಿದರೆ ತಕ್ಷಣ ಪರಿಹಾರ ಕೊಡಬೇಡಿ. 'ಏನು ಮಾಡಬಹುದು ಅಂತ ಹೇಳಲಾ, ಇಲ್ಲ ಕೇಳಿಸ್ಕೊಂಡ್ರೆ ಸಾಕಾ?' ಎಂದು ಕೇಳಿ. ಹೆಚ್ಚು ಸಲ ಎರಡನೆಯದೇ ಬೇಕಾಗಿರುತ್ತದೆ.

ಹಣ, ಅಂಕ, ಕೋರ್ಸ್ ಬದಲಿಸುವ ಯೋಚನೆ, ಇಂಥ ಗಟ್ಟಿ ವಿಷಯಗಳಿಗೆ ಮಾತ್ರ ರಾತ್ರಿ ಬೇಡ. ಮೊದಲ ದಿನ ದಣಿವಿರುತ್ತದೆ, ಕೊನೆಯ ರಾತ್ರಿ ಮಾತು ಮುರಿದರೆ ಸರಿಪಡಿಸಲು ಹೊತ್ತಿರುವುದಿಲ್ಲ. ನಾಲ್ಕನೆಯ ಅಥವಾ ಐದನೆಯ ದಿನ ಊಟವಾದ ಮೇಲೆ, ಒಂದೇ ವಿಷಯ, ಮುಕ್ಕಾಲು ಗಂಟೆ. ಹಿಂದಿನ ದಿನವೇ 'ನಾಳೆ ಖರ್ಚಿನ ಲೆಕ್ಕ ಒಟ್ಟಿಗೆ ನೋಡೋಣ' ಎಂದು ತಿಳಿಸಿರಬೇಕು. ಹೊತ್ತು ಮುಗಿದರೆ ನಿಲ್ಲಿಸಿ, ಉಳಿದದ್ದನ್ನು ಫೋನಿನಲ್ಲಿ ಮುಂದುವರಿಸಿ.

ಒಂದನ್ನು ಮಾತ್ರ ಮುಂದೂಡಬಾರದು. ಎರಡು ದಿನ ಚೆನ್ನಾಗಿ ಮಲಗಿದ ಮೇಲೂ ಮುಖ ಬಾಡಿದ್ದರೆ, ಊಟ ಸೇರದಿದ್ದರೆ, ಹಳೆಯ ಗೆಳೆಯರನ್ನೂ ನೋಡಲು ಮನಸ್ಸಿಲ್ಲದಿದ್ದರೆ, ಬಟ್ಟೆ ಸಡಿಲವಾಗಿ ಜೋತುಬಿದ್ದಿದ್ದರೆ, ಅದು ಬರೀ ದಣಿವಲ್ಲದಿರಬಹುದು. ಸುತ್ತಿಬಳಸದೆ ಕೇಳಿ. ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡದೆ ಅಂದೇ ವೈದ್ಯರ ಬಳಿ ಹೋಗಿ. ವಾರದ ಉಳಿದ ಯೋಜನೆಯೆಲ್ಲ ಆಮೇಲಿನದು.

ಹೊರಗೆ ಒಟ್ಟಿಗೆ ಹೋಗುವ ಹೊತ್ತನ್ನು ಶರತ್ಕಾಲವೇ ಗೊತ್ತುಮಾಡುತ್ತದೆ. ಉತ್ತರಾರ್ಧಗೋಳದಲ್ಲಿ ಸೆಪ್ಟೆಂಬರ್ 22 ಅಥವಾ 23ರ ಸುಮಾರಿಗೆ ಹಗಲು ರಾತ್ರಿ ಸಮವಾಗಿ, ಆಮೇಲೆ ಹಗಲು ಕುಗ್ಗುತ್ತ ಹೋಗುತ್ತದೆ. 45 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಇದು ದಿನಕ್ಕೆ ಸುಮಾರು ಮೂರು ನಿಮಿಷ, ಅಂದರೆ ಆ ಒಂದು ವಾರದೊಳಗೇ ಇಪ್ಪತ್ತು ನಿಮಿಷ. ಮಕ್ಕಳು ಹನ್ನೊಂದಕ್ಕೆ ಎದ್ದು ಒಂದಕ್ಕೆ ಉಂಡರೆ ಬೆಳಕಿನ ಹೊತ್ತು ಸಿಗುವುದು ಎರಡೂವರೆಯಿಂದ ಐದರವರೆಗೆ ಮಾತ್ರ. 'ಸಂಜೆ ಹೋಗೋಣ' ಎಂದುಕೊಂಡವರು ಕತ್ತಲಲ್ಲಿ ಚಳಿಗೆ ಹೊರಟು ಅರ್ಧ ದಾರಿಯಿಂದ ಹಿಂತಿರುಗುತ್ತಾರೆ. ಎರಡೂವರೆಗೆ ಚಪ್ಪಲಿ ಮೆಟ್ಟಿರಬೇಕು, ಒಂದೂವರೆ ಗಂಟೆಯ ನಡಿಗೆ ಸಾಕು. ಇಡೀ ದಿನದ ಪ್ರವಾಸವನ್ನು ನಾನು ಇಟ್ಟುಕೊಳ್ಳುವುದಿಲ್ಲ. ಅದು ಎರಡು ದಿನವನ್ನು ನುಂಗುತ್ತದೆ, ಒಂದು ತಿರುಗಾಟಕ್ಕೆ, ಇನ್ನೊಂದು ಸುಧಾರಿಸಿಕೊಳ್ಳುವುದಕ್ಕೆ.

ಬಟ್ಟೆ ಬದಲಾಯಿಸುವ ಕೆಲಸವೂ ಈ ವಾರದ್ದೇ. ಬೇಸಿಗೆಯ ಬಟ್ಟೆ ಮನೆಗೆ ಬರುತ್ತದೆ, ಚಳಿಯದು ಹೊರಡುತ್ತದೆ. ಉಣ್ಣೆಯನ್ನು ಅವರು ಬರುವ ಹತ್ತು ದಿನ ಮೊದಲೇ ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ಸಣ್ಣ ತೂತುಗಳಿದ್ದರೆ ಉಣ್ಣೆಹುಳು ಬಿದ್ದಿದೆ. ತಿನ್ನುವುದು ಪತಂಗವಲ್ಲ, ಅದರ ಮರಿಹುಳು, ಅದೂ ಬೆವರು ಅಥವಾ ಊಟದ ಕಲೆ ಇರುವ ಕಡೆ ಹೆಚ್ಚು. ಅಂಥದ್ದನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ -18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಬೇಕು. ಅಷ್ಟು ಸಮಯವಿಲ್ಲದಿದ್ದರೆ ಆ ಉಡುಪನ್ನು ಈ ಸಲ ಕಳಿಸದಿರುವುದೇ ಲೇಸು, ಹಾಸ್ಟೆಲಿನ ಕಪಾಟಿಗೂ ಹುಳು ಹರಡೀತು. ತಂದ ಕೊಳೆಬಟ್ಟೆಯ ಚೀಲವನ್ನು ಮೊದಲ ಸಂಜೆಯೇ ಬಿಚ್ಚಿಸಿ. ಹಾಸಿಗೆ ಬಟ್ಟೆ, ಟವಲು 60 ಡಿಗ್ರಿಯಲ್ಲಿ, ಉಣ್ಣೆ 30ರಲ್ಲಿ, ಮಷಿನ್ ಮುಕ್ಕಾಲು ಭಾಗವಷ್ಟೇ ತುಂಬಿ. ಈ ಋತುವಿನಲ್ಲಿ ಬಟ್ಟೆ ಬೇಗ ಒಣಗದು, ದಪ್ಪನೆಯದನ್ನು ಕೊನೆಯ ದಿನಕ್ಕೆ ಉಳಿಸಿದರೆ ಹಸಿಯಾಗಿಯೇ ಚೀಲ ಸೇರಿ ಮುಗ್ಗಲು ನಾತ ಹಿಡಿಯುತ್ತದೆ. ಒಗೆಯುವುದನ್ನು ನೀವೇ ಮಾಡುತ್ತೀರೋ, ಅವರೇ ಮಾಡಬೇಕೋ ಎಂಬುದನ್ನು ಮೊದಲೇ ಹೇಳಿಬಿಡಿ. ನನ್ನ ಮಟ್ಟಿಗೆ, ಆ ಒಂದು ವಾರ ಒಗೆದುಕೊಟ್ಟರೆ ಯಾರೂ ಕೆಡುವುದಿಲ್ಲ.

ಅಡುಗೆಗೆ ಹೆಚ್ಚು ಹೇಳುವುದಿಲ್ಲ. ಅವರಿಗೆ ಬೇಕಾದ ಮೂರು ಅಡುಗೆ ಯಾವುದೆಂದು ಮೊದಲೇ ಕೇಳಿ, ಮೂರನ್ನೂ ಒಂದೇ ದಿನ ಮಾಡದೆ ಬೇರೆ ಬೇರೆ ದಿನಕ್ಕೆ ಹಂಚಿ. ಒಂದನ್ನು ಅವರ ಕೈಯಿಂದಲೇ ಮಾಡಿಸಿ. ಹಿಂದಿನ ವಾರ ಮಾಡಿ ಫ್ರೀಜರಿನಲ್ಲಿಡುವುದಾದರೆ ಒಬ್ಬರಿಗೆ 300ರಿಂದ 400 ಗ್ರಾಂನಂತೆ ಡಬ್ಬಿ ಕಟ್ಟಿ, ಮೇಲೆ ಎರಡು ಬೆರಳಗಲ ಜಾಗ ಬಿಡಿ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗಿ ಮುಚ್ಚಳ ಎಬ್ಬಿಸುತ್ತದೆ. ಅಡುಗೆಯಾದ ಎರಡು ಗಂಟೆಯೊಳಗೆ ತಣಿಸಿ ಒಳಗಿಡಬೇಕು. ಫ್ರಿಜ್ಜಿನಲ್ಲಾದರೆ 4 ಡಿಗ್ರಿಯಲ್ಲಿ ಮೂರು ನಾಲ್ಕು ದಿನ, ಅಷ್ಟೇ.

ವೈದ್ಯರ ಭೇಟಿಗಳು ವಾರಕ್ಕೆ ಎರಡನ್ನು ಮೀರಬಾರದು. ಹಲ್ಲು ಮತ್ತು ಕಣ್ಣಿಗೆ ಒಂದು ತಿಂಗಳ ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕು, ರಜೆಯ ವಾರದಲ್ಲಿ ಎಲ್ಲರೂ ಕೇಳುತ್ತಾರೆ. ಫ್ಲೂ ಲಸಿಕೆ ಹಾಕಿಸುವುದಿದ್ದರೆ ಎರಡನೆಯ ಅಥವಾ ಮೂರನೆಯ ದಿನ. ತೋಳು ನೋವು, ಮೈಬಿಸಿ ಬಂದರೂ ಒಂದೆರಡು ದಿನದಲ್ಲಿ ಇಳಿದು ಪ್ರಯಾಣಕ್ಕೆ ತೊಂದರೆಯಾಗುವುದಿಲ್ಲ. ರಕ್ಷಣೆ ಪೂರ್ತಿ ಬರಲು ಸುಮಾರು ಎರಡು ವಾರ ಬೇಕು, ಹಾಗಾಗಿ ಚಳಿಗಾಲ ಏರುವ ಮುನ್ನ ಹಾಕಿಸಿದ್ದೇ ಒಳ್ಳೆಯದು.

ಗೆಳೆಯರ ಬಗ್ಗೆ ಬೇಸರ ಪಡಬೇಡಿ. ಬಂದ ಸಂಜೆಯೇ 'ಯಾವ ಯಾವ ರಾತ್ರಿ ಹೊರಗಿರ್ತೀಯ?' ಎಂದು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಉಳಿದ ರಾತ್ರಿಗಳಲ್ಲಿ ಎರಡನ್ನು ಮನೆಯ ಊಟಕ್ಕೆ ಗೊತ್ತುಮಾಡಿ, ಆ ಎರಡನ್ನು ಯಾರೂ ತಪ್ಪಿಸಬಾರದು, ನೀವೂ ಸೇರಿ. ಬೀಗದ ಕೈ ಅವರ ಕೈಗೆ ಕೊಡಿ. ಎಷ್ಟು ಹೊತ್ತಿಗೆ ಬರಬೇಕೆಂಬ ಹಳೆಯ ಕಟ್ಟುಪಾಡಿನ ಬದಲು, ತಡವಾದರೆ ಹನ್ನೊಂದರೊಳಗೆ ಒಂದು ಮೆಸೇಜು ಎಂಬ ಒಪ್ಪಂದ ಸಾಕು. ಚಿಕ್ಕ ತಮ್ಮ ತಂಗಿಯರಿದ್ದರೆ ಅವರಿಗೂ ದೊಡ್ಡವರಿಲ್ಲದ ಒಂದೆರಡು ಗಂಟೆ ಬಿಟ್ಟುಕೊಡಿ.

ಸಾಮಾನು ಕಟ್ಟುವುದು ಹೊರಡುವ ಹಿಂದಿನ ದಿನ ಮಧ್ಯಾಹ್ನಕ್ಕೆ ಮುಗಿಯಲಿ, ರಾತ್ರಿ ಬಿಡುವಾಗಿರುತ್ತದೆ. ವಿಮಾನದಲ್ಲಿ ಹೋಗುವವರಾದರೆ ಚೀಲ ಹಿಡಿದು ತಕ್ಕಡಿಯ ಮೇಲೆ ನಿಂತು, ನಿಮ್ಮ ತೂಕ ಕಳೆದು ನೋಡಿ. ಅನೇಕ ಕಡೆ ಮಿತಿ 23 ಕಿಲೋ, ಚಳಿಯ ಬಟ್ಟೆ ಸೇರಿದರೆ ಬೇಗ ಮುಟ್ಟುತ್ತದೆ. ಮರೆತುಹೋಗುವುದು ಹೆಚ್ಚಾಗಿ ಚಾರ್ಜರ್, ಕನ್ನಡಕದ ಡಬ್ಬಿ, ದಿನವೂ ನುಂಗುವ ಮಾತ್ರೆ. ಮೂರೂ ಹಾಸಿಗೆಯ ಪಕ್ಕದಲ್ಲೇ ಇರುತ್ತವೆ, ಅಲ್ಲಿಂದಲೇ ಹುಡುಕಿ.

ಹೊರಟ ಮೇಲೆ 'ತಲುಪಿದೆ' ಎಂಬ ಒಂದು ಸಂದೇಶ ಕೇಳುತ್ತೇನೆ. ಮೊದಲ ಫೋನ್ ಕರೆ ಎರಡು ದಿನ ಬಿಟ್ಟು. ಅಷ್ಟರೊಳಗೆ ಚಳಿಗಾಲದ ರಜೆಯ ತಾರೀಖು ನೋಡಿ, ಈ ಸಲ ಹೊತ್ತು ಸಾಲದೆ ಉಳಿದ ಎರಡು ಮೂರು ಸಂಗತಿಗಳನ್ನು ಅದರ ಕೆಳಗೆ ಬರೆದಿಟ್ಟು, ಟಿಕೆಟ್ ಕಾದಿರಿಸುತ್ತೇನೆ.